ಯಾವ ಪುಟದಲ್ಲಿ ಅವನು ‘ನೀನು’ ಅಂದ?

ನನಗೊಂದು ಕೆಟ್ಟ ಚಾಳಿ ಇದೆ. ಪ್ರೇಮ ಕಾದಂಬರಿ ಕೈಗೆ ಸಿಕ್ಕರೆ ಮೊದಲು ಕೊನೆಯ ಪುಟ ಓದುತ್ತೇನೆ. ಪೂರ್ತಿ ಅಲ್ಲ, ಕೊನೆಯ ಎರಡು ಪ್ಯಾರಾ. ಇಬ್ಬರೂ ಬದುಕಿದ್ದಾರಾ, ಜೊತೆಗಿದ್ದಾರಾ, ಅಷ್ಟು ಗೊತ್ತಾದರೆ ಸಾಕು. ಆಮೇಲೆ ಮೊದಲ ಪುಟಕ್ಕೆ ಬಂದು ಕಾಲು ಚಾಚಿ ಕೂರುತ್ತೇನೆ.

ಅಕ್ಕ ಇದನ್ನು ಕಂಡಾಗಲೆಲ್ಲ ಬೈಯುತ್ತಾಳೆ. “ಕೊನೆ ಗೊತ್ತಾದ ಮೇಲೆ ಓದೋದು ಯಾತಕ್ಕೆ?” ಅವಳು ಪತ್ತೇದಾರಿ ಕಾದಂಬರಿಗಳ ಕಡೆಯವಳು. ಅಲ್ಲೂ ಕೊಲೆಗಾರ ಸಿಕ್ಕೇ ಸಿಗುತ್ತಾನೆ ಅಂತ ಮುಖಪುಟ ನೋಡಿದಾಗಲೇ ಗೊತ್ತಿರುತ್ತದೆ. ಅದನ್ನು ಯಾರೂ ಕೊರತೆ ಅನ್ನುವುದಿಲ್ಲ. ಹುಡುಗ ಹುಡುಗಿ ಕೊನೆಗೆ ಒಂದಾಗುತ್ತಾರೆ ಅಂದರೆ ಮಾತ್ರ ‘ಅಯ್ಯೋ, ಅದೇ ಕಥೆ’ ಅಂತ ಮೂಗು ಮುರಿಯುತ್ತಾರೆ. ಈ ವಿಷಯಕ್ಕೆ ನಾವಿಬ್ಬರು ಎಷ್ಟು ಸಲ ಜಗಳ ಆಡಿದ್ದೇವೋ ಲೆಕ್ಕವಿಲ್ಲ.

ಒಂದಾಗುವುದು ಈ ಜಾತಿಯ ಕಾದಂಬರಿಯ ಕರಾರು. 1980ರಲ್ಲಿ ಶುರುವಾದ ರೊಮಾನ್ಸ್ ರೈಟರ್ಸ್ ಆಫ್ ಅಮೆರಿಕ ಎಂಬ ಲೇಖಕರ ಸಂಘ ಎರಡೇ ಷರತ್ತು ಹಾಕಿತ್ತು. ಕಥೆಯ ನಡುಮಧ್ಯೆ ಪ್ರೇಮವೇ ಇರಬೇಕು. ಕೊನೆ ಮನಸ್ಸಿಗೆ ತೃಪ್ತಿ ಕೊಡಬೇಕು, ಮುಂದೆ ಒಳ್ಳೆಯದಾಗುತ್ತದೆ ಅನ್ನುವ ನಂಬಿಕೆ ಉಳಿಸಬೇಕು. ಓದುಗರ ಬಾಯಲ್ಲಿ ಇದು ‘ಎಚ್ಇಎ’, ಹ್ಯಾಪಿಲಿ ಎವರ್ ಆಫ್ಟರ್, ಕೊನೆತನಕ ಸುಖ. ಅಷ್ಟು ದೂರದ ಮಾತು ಕೊಡಲು ಧೈರ್ಯ ಸಾಲದಿದ್ದರೆ ‘ಎಚ್ಎಫ್ಎನ್’, ಹ್ಯಾಪಿ ಫಾರ್ ನೌ, ಸದ್ಯಕ್ಕಂತೂ ಸುಖ. ಉಳಿದದ್ದೆಲ್ಲ ಲೇಖಕಿಯ ಇಷ್ಟ. ಕಥೆ ಆಫೀಸಿನಲ್ಲಿ ನಡೆಯಬಹುದು, ಡ್ರ್ಯಾಗನ್ ಬೆನ್ನ ಮೇಲೂ ನಡೆಯಬಹುದು.

ನಾನು ಎರಡೂ ಓದುತ್ತೇನೆ. ಈಗಿನ ಕಾಲದ ಕಥೆಗಳು ಒಂದು ಕಡೆ, ರೆಕ್ಕೆ ಕತ್ತಿ ಮಾಟ ಮಂತ್ರಗಳ ‘ರೊಮ್ಯಾಂಟಸಿ’ ಇನ್ನೊಂದು ಕಡೆ. ಯಾವಾಗ ಯಾವುದು ಅನ್ನುವುದು ಆ ದಿನ ಹೇಗೆ ಕಳೆಯಿತು ಅನ್ನುವುದರ ಮೇಲೆ.

ದಿನ ಹೇಗೆ ಕಳೆಯುತ್ತದೆ ಅಂದರೆ, ಅನುವಾದದಲ್ಲಿ. ಕಥೆ ಕವಿತೆ ಅಲ್ಲ. ಫೋನಿನ ಆಪ್‌ಗಳಲ್ಲಿ ಕಾಣುವ ಸಾಲುಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ‘ನಿಮ್ಮ ಪಾಸ್‌ವರ್ಡ್ ತಪ್ಪಾಗಿದೆ.’ ‘ನೀವು ಖಚಿತವಾಗಿ ಅಳಿಸಲು ಬಯಸುವಿರಾ?’ ‘ದಯವಿಟ್ಟು ಸ್ವಲ್ಪ ಸಮಯದ ನಂತರ ಮತ್ತೆ ಪ್ರಯತ್ನಿಸಿ.’ ಇಂಗ್ಲಿಷಿನಲ್ಲಿ ‘ಯೂ’ ಕಂಡ ಕಡೆಯೆಲ್ಲ ನಾನು ‘ನೀವು’ ಹಾಕಬೇಕು. ಅದು ನಿಯಮ. ‘ನೀನು’ ಅಂತ ಬರೆದರೆ ಕೆಂಪು ಗೆರೆ ಬೀಳುತ್ತದೆ. ಬೆಳಗಿನಿಂದ ಸಂಜೆವರೆಗೆ ಯಾರೋ ಗೊತ್ತಿಲ್ಲದವರಿಗೆ ಬಹುವಚನ ಕೊಟ್ಟು ಕೊಟ್ಟು ಸುಸ್ತಾಗಿರುತ್ತೇನೆ.

ರಾತ್ರಿ ಇ-ಪುಸ್ತಕ ಓದುವ ಕಿಂಡಲ್ ತೆರೆದರೂ ಈ ಚಾಳಿ ಬಿಡುವುದಿಲ್ಲ. ಓದುವುದು ಇಂಗ್ಲಿಷ್, ತಲೆಯೊಳಗೆ ಕೇಳುವುದು ಕನ್ನಡ. ಅಲ್ಲೇ ತೊಂದರೆ ಶುರು.

ಈಚೆಗೆ ಓದಿದ ಒಂದು ಕಾದಂಬರಿಯಲ್ಲಿ ಅವಳು ಗಾಯಕ್ಕೆ ಹೊಲಿಗೆ ಹಾಕುವವಳು, ಶತ್ರು ಸೈನ್ಯಕ್ಕೆ ಸೆರೆ ಸಿಕ್ಕಿದವಳು. ಅವನು ಆ ಸೈನ್ಯದ ದಳಪತಿ. ಡೇರೆಯಲ್ಲಿ ಒಂದೇ ದೀಪ. ಅವನ ಭುಜಕ್ಕೆ ಬಾಣ ತಗುಲಿದೆ, ಬೇರೆ ವೈದ್ಯರು ಯಾರೂ ಉಳಿದಿಲ್ಲ. ಅವಳು ಸೂಜಿಯನ್ನು ದೀಪಕ್ಕೆ ಹಿಡಿಯುತ್ತಾಳೆ. ದಾರ ಪೋಣಿಸಲು ಹೋಗುತ್ತಾಳೆ, ಆಗುವುದಿಲ್ಲ. ಎರಡನೇ ಸಲವೂ ಆಗುವುದಿಲ್ಲ. ಅವನು ಅವಳ ಕೈಯಿಂದ ಸೂಜಿ ತೆಗೆದುಕೊಂಡು, ನೆಟ್ಟಗಿರುವ ಒಂದೇ ಕೈಯಲ್ಲಿ ಸೂಜಿ ಹಿಡಿದು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಹಲ್ಲಿನಲ್ಲಿ ಹಿಡಿದು, ಪೋಣಿಸಿ, ವಾಪಸ್ ಕೊಡುತ್ತಾನೆ. ಆಮೇಲೆ ಒಂದೇ ಮಾತು. ಇಂಗ್ಲಿಷಿನಲ್ಲಿ ನಾಲ್ಕು ಪದ. ನಿಮ್ಮ ಕೈ ನಡುಗುತ್ತಿದೆ.

ಅಥವಾ, ನಿನ್ನ ಕೈ ನಡುಗುತ್ತಿದೆ?

ನಾನು ಕಿಂಡಲ್ ಎದೆ ಮೇಲೆ ಇಟ್ಟುಕೊಂಡು ಹತ್ತು ನಿಮಿಷ ಇದನ್ನೇ ಯೋಚಿಸಿದೆ. ‘ನಿಮ್ಮ’ ಅಂದರೆ ಅವನು ಇನ್ನೂ ದಳಪತಿ. ವೈದ್ಯೆಗೆ ಮರ್ಯಾದೆ ಕೊಡುತ್ತಿದ್ದಾನೆ, ದೂರ ನಿಂತಿದ್ದಾನೆ. ‘ನಿನ್ನ’ ಅಂದರೆ ಎರಡು ಅರ್ಥ. ಸೆರೆಯಾಳು ಅನ್ನುವ ಸಸಾರದಿಂದ ಬಂದ ಏಕವಚನ ಇರಬಹುದು, ಅದು ಮೊದಲ ಪುಟದಿಂದಲೇ ಇರುತ್ತದೆ. ಇಲ್ಲವೇ ಈಗ, ಈ ಸೂಜಿ ಕೈ ಬದಲಾಯಿಸಿದ ಗಳಿಗೆಯಲ್ಲಿ, ಅವನಿಗೇ ಗೊತ್ತಿಲ್ಲದೆ ಬಾಯಿಗೆ ಬಂದ ಏಕವಚನ ಇರಬಹುದು. ಇಂಗ್ಲಿಷಿನವರಿಗೆ ಈ ತಲೆನೋವಿಲ್ಲ. ಅವರಿಗೆ ರಾಜನೂ ‘ಯೂ’, ನಾಯಿಮರಿಯೂ ‘ಯೂ’.

ಆದರೆ ಅವರು ಎಷ್ಟು ಕಳೆದುಕೊಳ್ಳುತ್ತಾರೆ ನೋಡಿ. ಕನ್ನಡದಲ್ಲಿ ಇಬ್ಬರ ನಡುವೆ ‘ನೀವು’ ಕಳಚಿ ‘ನೀನು’ ಬರುವ ಗಳಿಗೆಗೆ ಯಾವ ಮುತ್ತೂ ಸಾಟಿ ಇಲ್ಲ. ಮುತ್ತಿಗೆ ತಯಾರಿ ಇರುತ್ತದೆ, ಮಳೆ ಇರುತ್ತದೆ, ಲೇಖಕಿ ಮೂರು ಪುಟ ಮೊದಲೇ ಸುಳಿವು ಕೊಟ್ಟಿರುತ್ತಾಳೆ. ಏಕವಚನ ಹಾಗಲ್ಲ, ಜಾರಿ ಬೀಳುತ್ತದೆ. ಬಿದ್ದ ಮೇಲೆ ಇಬ್ಬರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಮಾರನೇ ದಿನ ಒಬ್ಬರು ಮತ್ತೆ ‘ನೀವು’ಗೆ ಹೋದರೆ ಅದಕ್ಕಿಂತ ದೊಡ್ಡ ಪೆಟ್ಟಿಲ್ಲ. ಇನ್ನು ‘ಐ ಲವ್ ಯೂ’ ಕತೆ ಬೇರೆ. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಅಂತ ಜೋರಾಗಿ ಒಮ್ಮೆ ಹೇಳಿ ನೋಡಿ. ಡಬ್ಬಿಂಗ್ ಮಾಡಿದ ಹಾಗೆ ಕೇಳಿಸುತ್ತದೆ, ಅಲ್ವಾ? ಅದಕ್ಕೇ ನನ್ನ ತಲೆಯೊಳಗಿನ ಅನುವಾದದಲ್ಲಿ ಯಾವ ನಾಯಕನೂ ಆ ಮಾತು ಹೇಳುವುದಿಲ್ಲ. ಅಲ್ಲಿಗೆ ಬಂದಾಗ ‘ಊಟ ಆಯ್ತಾ’ ಅಂತಲೋ ‘ಹುಷಾರು’ ಅಂತಲೋ ಹಾಕಿಕೊಂಡು ಮುಂದೆ ಹೋಗುತ್ತೇನೆ. ಅರ್ಥ ಏನೂ ಕೆಡುವುದಿಲ್ಲ.

ಹೋಗಲಿ. ಈ ಕಾದಂಬರಿಗಳಲ್ಲಿ ನನ್ನನ್ನು ನಿಜವಾಗಿ ಕಟ್ಟಿಹಾಕುವುದು ಬೇರೊಂದು ಪ್ರಶ್ನೆ. ಇಬ್ಬರಿಗೂ ಇಷ್ಟವಿದೆ ಅಂತ ನಮಗೆ ಐವತ್ತನೇ ಪುಟಕ್ಕೇ ಗೊತ್ತಾಗಿರುತ್ತದೆ. ಮತ್ತೆ ಇನ್ನೂ ಮುನ್ನೂರು ಪುಟ ಯಾಕೆ? ಏನು ಅಡ್ಡ ಬಂದಿದೆ?

ಈಗಿನ ಕಾಲದ ಕಥೆ ಬರೆಯುವವರಿಗೆ ಇದು ದೊಡ್ಡ ಕಷ್ಟ. ಇಬ್ಬರಿಗೂ ಸಂಬಳ ಇದೆ, ಸ್ವಂತ ಮನೆ ಇದೆ, ಫೋನ್ ಇದೆ. ಕೇಳುವವರು ಯಾರೂ ಇಲ್ಲ. ಅಡ್ಡ ಬರುವುದಕ್ಕೆ ಹೊರಗೆ ಏನೂ ಉಳಿದಿಲ್ಲ. ಹಾಗಾಗಿ ಅಡ್ಡಿಯನ್ನು ಕಷ್ಟಪಟ್ಟು ಕಟ್ಟಬೇಕು. ಇಬ್ಬರೂ ಒಂದೇ ಪ್ರಮೋಷನ್‌ಗೆ ಕಾದಿರುತ್ತಾರೆ. ಇಲ್ಲವೇ ಯಾರದೋ ಮದುವೆಗೆ ಜೋಡಿ ಅಂತ ನಾಟಕ ಆಡಲು ಒಪ್ಪಿಕೊಂಡಿರುತ್ತಾರೆ. ಓದುಗರು ಇದನ್ನು ‘ಫೇಕ್ ಡೇಟಿಂಗ್’ ಅನ್ನುತ್ತಾರೆ, ನಾನು ಎಷ್ಟು ಓದಿದರೂ ಬೇಸರವಾಗದ ಟ್ರೋಪ್ ಇದು, ಅಂದರೆ ಮತ್ತೆ ಮತ್ತೆ ಬರುವ ಕಥೆಯ ಅಚ್ಚು. ನಾಟಕ ಅಂತ ಹೇಳಿಕೊಂಡು ನಿಜ ಹೇಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಳ್ಳೆಯ ಲೇಖಕಿ ಆದರೆ ಅಡ್ಡಿಯನ್ನು ಮನಸ್ಸಿನ ಒಳಗೇ ಇಡುತ್ತಾಳೆ. ಹಿಂದೆ ಒಮ್ಮೆ ನಂಬಿ ಕೆಟ್ಟವಳು ಇನ್ನೊಮ್ಮೆ ನಂಬುವುದು ಹೇಗೆ? ಎಲ್ಲರನ್ನೂ ತಾನೇ ನೋಡಿಕೊಂಡು ಅಭ್ಯಾಸವಾದವನು ತನ್ನನ್ನು ಬೇರೊಬ್ಬರು ನೋಡಿಕೊಳ್ಳಲು ಬಿಡುವುದು ಹೇಗೆ? ಇದು ಸರಿಯಾಗಿ ಕೂತರೆ ಮುನ್ನೂರು ಪುಟವೂ ಕಡಿಮೆ. ಕೂರದಿದ್ದರೆ ‘ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತಲ್ಲ ತಾಯಿ’ ಅಂತ ಪುಟಪುಟಕ್ಕೂ ಅನ್ನಿಸುತ್ತದೆ.

ಫ್ಯಾಂಟಸಿಯಲ್ಲಿ ಈ ಕಷ್ಟವೇ ಇಲ್ಲ. ಅಡ್ಡಿ ಹೊರಗೇ ನಿಂತಿದೆ, ಅದೂ ಪರ್ವತದಷ್ಟು. ಎರಡು ರಾಜ್ಯಗಳ ನಡುವೆ ಯುದ್ಧ. ಮುಟ್ಟಿದರೆ ಸಾಯಿಸುವ ಶಕ್ತಿ. ತಲೆಮಾರುಗಳಿಂದ ಬಂದ ಶಾಪ. ನಮ್ಮ ಅಲಂಕಾರಶಾಸ್ತ್ರದವರು ಇದನ್ನು ಯಾವತ್ತೋ ಬರೆದಿಟ್ಟಿದ್ದಾರೆ. ಶೃಂಗಾರದಲ್ಲಿ ಎರಡು, ಕೂಡಿದಾಗಿನದು ಮತ್ತು ಕೂಡದಿದ್ದಾಗಿನದು. ಕೂಡದಿದ್ದಾಗಿನ ವಿಪ್ರಲಂಭಕ್ಕೆ ಮಮ್ಮಟ ತನ್ನ ಕಾವ್ಯಪ್ರಕಾಶದಲ್ಲಿ ಐದು ಕಾರಣ ಕೊಡುತ್ತಾನೆ. ಅಭಿಲಾಷೆ, ವಿರಹ, ಈರ್ಷ್ಯೆ, ಪ್ರವಾಸ, ಶಾಪ. ಕಾಲೇಜಿನಲ್ಲಿ ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆ. ಈಗ ನೋಡಿದರೆ ನನ್ನ ಕಿಂಡಲ್‌ನ ಪಟ್ಟಿಯೇ ಅಲ್ಲಿದೆ. ಅಭಿಲಾಷೆ ಅಂದರೆ ಈಗಿನವರ ‘ಸ್ಲೋ ಬರ್ನ್’, ನಿಧಾನಕ್ಕೆ ಕಾವೇರುವ ಪ್ರೇಮ. ಹತ್ತಿರವೇ ಇದ್ದೂ ಸೇರಲಾಗದ ವಿರಹ ಅಂದರೆ ಪಕ್ಕದ ಕ್ಯೂಬಿಕಲ್. ಈರ್ಷ್ಯೆ ಬಗ್ಗೆ ಹೇಳುವುದೇ ಬೇಡ. ಪ್ರವಾಸ ಎರಡೂ ಕಡೆ ಇದೆ, ಒಂದು ಕಡೆ ವಿಮಾನದಲ್ಲಿ, ಇನ್ನೊಂದು ಕಡೆ ಕುದುರೆ ಮೇಲೆ. ಶಾಪ ಮಾತ್ರ ಈಗಿನ ಕಾಲದ ಕಥೆಗೆ ಒಗ್ಗುವುದಿಲ್ಲ. ಅದನ್ನು ಫ್ಯಾಂಟಸಿ ಎತ್ತಿಕೊಂಡು ಹೋಗಿದೆ.

ಈಗಿನ ಕಾಲದ ಕಥೆ, ಫ್ಯಾಂಟಸಿ, ಇವೆರಡೂ ಒಂದೇ ವರ್ಷ ಹುಟ್ಟಿದವು ಅಂತ ನಾನು ತಮಾಷೆಗೆ ಹೇಳುವುದುಂಟು. 1740ರಲ್ಲಿ ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ರಿಚರ್ಡ್‌ಸನ್‌ನ ‘ಪಮೇಲಾ’ ಬಂತು. ಮನೆಕೆಲಸದ ಹುಡುಗಿ, ಅವಳ ಮೇಲೆ ಕಣ್ಣು ಹಾಕಿದ ಯಜಮಾನ, ಅವಳು ಬರೆಯುವ ಕಾಗದಗಳೇ ಕಾದಂಬರಿ. ಆಗಿನವರಿಗೆ ಅದು ತಮ್ಮ ಕಾಲದ ಕಥೆ. ಅದೇ ವರ್ಷ ಫ್ರೆಂಚಿನಲ್ಲಿ ವಿಲ್‌ನವ್ ಎಂಬ ಲೇಖಕಿ ಸುಂದರಿ ಮತ್ತು ಮೃಗದ ಕಥೆಯನ್ನು ಅಚ್ಚು ಹಾಕಿಸಿದಳು. ಮಾಟದ ಅರಮನೆ, ಶಾಪ ಹೊತ್ತ ರಾಜಕುಮಾರ, ಎಲ್ಲ ಇರುವ ಉದ್ದನೆಯ ಕಥೆ. ನಮಗೆಲ್ಲ ಗೊತ್ತಿರುವುದು 1756ರಲ್ಲಿ ಬೋಮೋಂ ಎಂಬಾಕೆ ಮಕ್ಕಳಿಗೆ ಅಂತ ಚಿಕ್ಕದು ಮಾಡಿದ ರೂಪ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಯಜಮಾನ ಪಮೇಲಾಳನ್ನು ಕೂಡಿಹಾಕುತ್ತಾನೆ, ಬಲಾತ್ಕಾರಕ್ಕೂ ಯತ್ನಿಸುತ್ತಾನೆ, ಅವಳ ಕಾಗದಗಳನ್ನು ಕದ್ದು ಓದುತ್ತಾನೆ. ಕೊನೆಗೆ ಅವಳಿಗೆ ಸಿಗುವ ಬಹುಮಾನ ಅಂದರೆ ಅವನ ಜೊತೆಗೇ ಮದುವೆ. ನನಗೆ ಓದಿ ಮುಗಿಸುವಷ್ಟರಲ್ಲಿ ಮೈ ಉರಿದುಹೋಯಿತು. ಆ ಕಡೆ ಮೃಗ ದಿನಾ ರಾತ್ರಿ ಬರುತ್ತದೆ, ತನ್ನವಳಾಗಲು ಒಪ್ಪಿಗೆಯೇ ಅಂತ ಒಂದೇ ಪ್ರಶ್ನೆ ಕೇಳುತ್ತದೆ. ಅವಳು ಇಲ್ಲ ಅನ್ನುತ್ತಾಳೆ. ಅದು ಎದ್ದು ಹೋಗುತ್ತದೆ. ಮಾರನೇ ರಾತ್ರಿ ಮತ್ತೆ ಕೇಳುತ್ತದೆ, ಮತ್ತೆ ಇಲ್ಲ, ಮತ್ತೆ ಹೋಗುತ್ತದೆ. ಅವಳನ್ನು ಅರಮನೆಯಲ್ಲಿ ಇಟ್ಟುಕೊಂಡಿರುವುದೇ ತಪ್ಪು, ಅದು ನಿಜ. ಆದರೂ ಬೇಡ ಅಂದದ್ದು ಕಿವಿಗೆ ಬಿದ್ದದ್ದು ಇಬ್ಬರಲ್ಲಿ ಆ ಪ್ರಾಣಿಗೆ ಮಾತ್ರ.

ಇವತ್ತಿಗೂ ಕಾದಂಬರಿ ಕೈಗೆತ್ತಿಕೊಂಡಾಗ ನಾನು ಮೊದಲು ನೋಡುವುದು ಇದನ್ನೇ. ಅವಳು ‘ಬೇಡ’ ಅಂದಾಗ ಅವನು ಏನು ಮಾಡಿದ? ಮೈಮೇಲೆ ನೆರಳು ಸುತ್ತಿಕೊಂಡ ರಾಕ್ಷಸ ಆದರೂ ಪರವಾಗಿಲ್ಲ, ಅಲ್ಲಿ ನಿಂತನಾ? ನಿಂತರೆ ಓದುತ್ತೇನೆ. ಹೊಟ್ಟೆಕಿಚ್ಚಿಗೆ ಗೋಡೆ ಗುದ್ದುವವನನ್ನು, ಅವಳ ಫೋನ್ ತೆಗೆದು ನೋಡುವವನನ್ನು ಪ್ರೀತಿಯ ಹೆಸರಿನಲ್ಲಿ ಮಾರುವ ಪುಸ್ತಕಗಳೂ ಬೇಕಾದಷ್ಟಿವೆ. ಅವನ್ನು ಇಷ್ಟಪಡುವವರು ‘ಇದು ಸುಮ್ನೆ ಕಥೆ, ನಮಗೆ ಗೊತ್ತಿಲ್ವಾ’ ಅನ್ನುತ್ತಾರೆ. ಗೊತ್ತಿರುತ್ತದೆ, ಒಪ್ಪುತ್ತೇನೆ. ನನಗೆ ಮಾತ್ರ ಗೋಡೆ ಗುದ್ದುವ ಸದ್ದು ಸಹಿಸಲಾಗುವುದಿಲ್ಲ. ಅಲ್ಲಿಗೇ ಮುಚ್ಚಿಡುತ್ತೇನೆ.

ಬೇರೆ ದೂರುಗಳೂ ಇವೆ. ಐನೂರು ವರ್ಷ ಬದುಕಿದ ಮಾಯಾಲೋಕದ ರಾಜನಿಗೆ ಹತ್ತೊಂಬತ್ತರ ಹುಡುಗಿ ಹತ್ತಿರ ಮಾತಾಡಲು ಏನಿರುತ್ತದೆ? ನನಗೆ ನನಗಿಂತ ಹತ್ತು ವರ್ಷ ಚಿಕ್ಕವರ ಜೊತೆಗೇ ಹದಿನೈದು ನಿಮಿಷಕ್ಕೆ ಮಾತು ಮುಗಿಯುತ್ತದೆ. ಪುಸ್ತಕದ ಮೊದಲಲ್ಲಿ ಎರಡು ಪುಟದ ನಕ್ಷೆ ಹಾಕಿರುತ್ತಾರೆ, ಕಥೆ ಮುಗಿಯುವವರೆಗೂ ಅರ್ಧ ಊರಿಗೆ ಯಾರೂ ಹೋಗುವುದಿಲ್ಲ. ಹೆಸರುಗಳ ಮಧ್ಯೆ ಅಪಾಸ್ಟ್ರಫಿ ಚುಚ್ಚಿ ಹೇಗೆ ಉಚ್ಚರಿಸಬೇಕು ಅಂತ ಕೊನೆಯಲ್ಲಿ ಬೇರೆ ಪಟ್ಟಿ ಕೊಡುತ್ತಾರೆ. ಕನ್ನಡ ಲಿಪಿಯಲ್ಲಿ ಬರೆದಿದ್ದರೆ ಆ ಪಟ್ಟಿಯೇ ಬೇಕಿರಲಿಲ್ಲ.

ಇನ್ನು ಆ ಶೇಕಡಾ 78. ಕಿಂಡಲ್‌ನಲ್ಲಿ ಕೆಳಗಡೆ ಎಷ್ಟು ಓದಿದ್ದೇವೆ ಅಂತ ತೋರಿಸುತ್ತದಲ್ಲ. ಅದು 75 ದಾಟಿ, 80 ಮುಟ್ಟುವುದರ ಒಳಗೆ ಜೋಡಿ ಮುರಿದುಬೀಳುತ್ತದೆ. ನಾನು ಸುಮ್ನೆ 78 ಅಂತ ಇಟ್ಟುಕೊಂಡಿದ್ದೇನೆ. 76ಕ್ಕೆ ಎಲ್ಲ ಸುಖವಾಗಿದ್ದರೆ ನನಗೆ ಭಯ ಶುರುವಾಗುತ್ತದೆ. ಬಾಗಿಲ ಸಂದಿಯಲ್ಲಿ ಯಾರೋ ಅರ್ಧ ಮಾತು ಕೇಳಿಸಿಕೊಂಡು ಹೋಗುವ ಮುರಿಯುವಿಕೆ ಕಂಡರೆ ಕೋಪ ಬರುತ್ತದೆ. ಇನ್ನೊಂದು ಬಗೆ ಇದೆ. ಇಬ್ಬರೂ ಎಲ್ಲವನ್ನೂ ಸರಿಯಾಗಿಯೇ ಕೇಳಿಸಿಕೊಂಡಿರುತ್ತಾರೆ, ಇಬ್ಬರೂ ಹೇಳುವುದು ನ್ಯಾಯವೇ, ಆದರೂ ಜೊತೆಗೆ ಇರಲಾಗುವುದಿಲ್ಲ. ಆ ಅಧ್ಯಾಯಗಳನ್ನು ನಾನು ನಿಧಾನವಾಗಿ ಓದುತ್ತೇನೆ. ಕೊನೆಯ ಪುಟ ಮೊದಲೇ ಓದಿರುವುದು ಆಗ ಉಪಯೋಗಕ್ಕೆ ಬರುತ್ತದೆ. ಸರಿಹೋಗುತ್ತದೆ ಅಂತ ಗೊತ್ತಿರುವ ಕಾರಣಕ್ಕೇ ಆ ನೋವಿನ ಪಕ್ಕ ಸ್ವಲ್ಪ ಜಾಸ್ತಿ ಹೊತ್ತು ಕೂರಬಹುದು. ಗೊತ್ತಿಲ್ಲದಿದ್ದರೆ ನಾನು ಪುಟ ಹಾರಿಸುತ್ತಿದ್ದೆ. ಅಂಥ ಪುಕ್ಕಲು ನಾನು.

ಒಂದೇ ಒಂದು ಸಲ ಈ ಉಪಾಯ ಕೈಕೊಟ್ಟಿತು. ಒಂದು ರೊಮ್ಯಾಂಟಸಿ, ಕೊನೆಯ ಎರಡು ಪ್ಯಾರಾದಲ್ಲಿ ಅವನು ಅವಳ ಕೈ ಹಿಡಿದಿದ್ದ. ಸರಿ, ನೆಮ್ಮದಿ ಅಂತ ಓದಿದೆ. ಎರಡು ರಾತ್ರಿ ನಿದ್ದೆಗೆಟ್ಟು ಮುಗಿಸಿದರೆ, ಕೈ ಹಿಡಿದವನು ಬೇರೆಯವನು! ಸರ್ವನಾಮಕ್ಕೆ ಮೋಸ ಹೋಗಿದ್ದೆ. ಅದೂ ಐದು ಭಾಗದ ಸರಣಿಯ ಮೊದಲ ಭಾಗ. ಉಳಿದ ನಾಲ್ಕನ್ನೂ ಓದಿದೆ ಅನ್ನಿ. ಬೈಯುತ್ತಲೇ ಓದಿದೆ.

ಮುಚ್ಚಿಟ್ಟುಕೊಂಡು ಓದುವ ಕಾಲವೊಂದು ನನಗೂ ಇತ್ತು. ಮುಖಪುಟದ ಚಿತ್ರವೇ ಹಾಗಿರುತ್ತಿತ್ತು, ಗಂಡಸಿಗೆ ಅಂಗಿ ಇಲ್ಲ, ಹೆಂಗಸಿಗೆ ಉಸಿರಿಲ್ಲ. ಮಿಲ್ಸ್ ಆಂಡ್ ಬೂನ್ ಅಂದರೆ ಆ ಥರದ ಚಿತ್ರವೇ ಕಣ್ಣ ಮುಂದೆ ಬರುತ್ತದೆ. ಆ ಪ್ರಕಾಶನ 1908ರಲ್ಲಿ ಲಂಡನ್ನಿನಲ್ಲಿ ಶುರುವಾದಾಗ ಪ್ರೇಮ ಕಥೆಗಳಿಗೆ ಅಂತ ಶುರುವಾದದ್ದಲ್ಲ, ಬೇರೆ ಬೇರೆ ಬಗೆಯ ಪುಸ್ತಕ ಹಾಕುತ್ತಿತ್ತು. 1930ರ ದಶಕದಲ್ಲಿ ಪ್ರೇಮ ಕಾದಂಬರಿಗೆ ಗಟ್ಟಿಯಾಗಿ ಕೂತು, ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿಗಳಿಗೆ ಮಾರತೊಡಗಿತು. ಆಗಿನ ರಟ್ಟು ಕಂದು ಬಣ್ಣದ್ದು. ಕಂದು ಪುಸ್ತಕ ಅಂತಲೇ ಜನ ಗುರುತಿಸುತ್ತಿದ್ದರಂತೆ. ಈಗಿನ ಕಾಲದ ಕಥೆಗಳಿಗೆ ಕಾರ್ಟೂನ್ ಥರದ ಚಿತ್ರ ಬಂದಿದೆ, ನೋಡಿದರೆ ಮಕ್ಕಳ ಪುಸ್ತಕ ಅನ್ನಬೇಕು, ಒಳಗೆ ಹೋದರೆ ಕಿವಿ ಕೆಂಪಾಗುತ್ತದೆ. ಫ್ಯಾಂಟಸಿಗೆ ಕತ್ತಿ, ಕಿರೀಟ, ಬಳ್ಳಿ, ಹಾಳೆಯ ಅಂಚಿಗೆ ಬಣ್ಣ. ಕಿಂಡಲ್ ಬಂದ ಮೇಲೆ ಹೊರಗಿನಿಂದ ನೋಡುವವರಿಗೆ ಎಲ್ಲವೂ ಒಂದೇ ಬೂದು ಹಲಗೆ.

ಜಾನಿಸ್ ರ್ಯಾಡ್‌ವೇ ಎಂಬ ವಿದ್ವಾಂಸೆ ಪ್ರೇಮ ಕಾದಂಬರಿ ಓದುವ ಅಮೆರಿಕದ ಒಂದು ಊರಿನ ಹೆಂಗಸರನ್ನು ಮಾತಾಡಿಸಿ 1984ರಲ್ಲಿ ಒಂದು ಪುಸ್ತಕ ಬರೆದರು. ಕಥೆಯಲ್ಲಿ ಏನಿದೆ ಅನ್ನುವಷ್ಟೇ, ಪುಸ್ತಕ ಕೈಯಲ್ಲಿ ಹಿಡಿದು ಕೂರುವುದೂ ಅವರಿಗೆ ಮುಖ್ಯವಾಗಿತ್ತು. ಆ ಹೊತ್ತು ಗಂಡನದಲ್ಲ, ಮಕ್ಕಳದಲ್ಲ, ತಮ್ಮದು. ನನಗೆ ಗಂಡನೂ ಇಲ್ಲ, ಮಕ್ಕಳೂ ಇಲ್ಲ. ಆದರೂ ಆ ಮಾತು ತಾಗಿತು. ನನ್ನ ದಿನವನ್ನು ತಿನ್ನುವುದು ಆ ಅಪರಿಚಿತ ‘ನೀವು’ಗಳು. ರಾತ್ರಿ ಹತ್ತರ ಮೇಲೆ ಯಾರ ಪಾಸ್‌ವರ್ಡ್ ತಪ್ಪಾದರೂ ನನಗೆ ಸಂಬಂಧವಿಲ್ಲ.

ಕಳೆದ ತಿಂಗಳು ಅಕ್ಕ ಬಂದು ನಾಲ್ಕು ದಿನ ಇದ್ದಳು. ಅವಳು ತಂದಿದ್ದ ಕೊಲೆಯ ಪುಸ್ತಕ ಮೊದಲ ದಿನವೇ ಮುಗಿಯಿತು. “ಏನಾದ್ರೂ ಕೊಡೆ, ಸುಮ್ನೆ ನಿದ್ದೆ ಬರೋವರೆಗೆ” ಅಂದಳು. ನಾನು ಏನೂ ಹೇಳದೆ ಆ ದಳಪತಿಯ ಕಾದಂಬರಿ ತೆರೆದು ಕಿಂಡಲ್ ಕೈಗಿಟ್ಟೆ. ಒಂದು ಗಂಟೆ ಹೊತ್ತಿಗೆ ಬಾತ್‌ರೂಮಿಗೆ ಎದ್ದಾಗ ಅವಳ ಕೋಣೆಯ ಬಾಗಿಲ ಕೆಳಗೆ ಬೆಳಕಿತ್ತು. ಹೋಗುವಾಗ “ಚಾರ್ಜರ್ ಎಲ್ಲಿ?” ಅಂತ ಕೇಳಿ, ಕಿಂಡಲ್ ಸಮೇತ ಬ್ಯಾಗಿಗೆ ಹಾಕಿಕೊಂಡು ಹೋದಳು.

ಆಮೇಲೆ ಒಂದು ವಾರ ಸದ್ದಿಲ್ಲ. ಒಂದು ರಾತ್ರಿ ಹನ್ನೊಂದೂವರೆಗೆ ವಾಟ್ಸಾಪ್ ಬಂತು.

“78 ಪರ್ಸೆಂಟ್. ಇಬ್ಬರೂ ಮಾತು ಬಿಟ್ಟಿದ್ದಾರೆ. ಸರಿಹೋಗ್ತಾರಾ?”

“ಕೊನೇ ಪುಟ ನೋಡು” ಅಂತ ಕಳಿಸಿದೆ.

“ಸಾಯಿ” ಅಂದಳು. ಐದು ನಿಮಿಷ ಬಿಟ್ಟು ಮತ್ತೆ, “ಒಂದು ಕೇಳ್ಲಾ? ನಿನ್ನ ತಲೇಲಿ ಇವನು ಅವಳಿಗೆ ನೀವು ಅಂತಾನಾ, ನೀನು ಅಂತಾನಾ?”

ನಾನು ಎದ್ದು ಕೂತೆ. ಇದು ನನಗೊಬ್ಬಳಿಗೇ ಇರುವ ಹುಚ್ಚು ಅಂದುಕೊಂಡಿದ್ದೆ.

“ಮೊದಲು ನೀವು. ಡೇರೇಲಿ ಸೂಜಿ ಪೋಣಿಸಿ ಕೊಟ್ಟನಲ್ಲ, ಅಲ್ಲಿಂದ ನೀನು.”

ಅವಳು ಬಹಳ ಹೊತ್ತು ಟೈಪ್ ಮಾಡಿದಳು. ಅಳಿಸಿದಳು. ಮತ್ತೆ ಮಾಡಿದಳು.

“ಅಷ್ಟು ಬೇಗನಾ? ನಂಗೆ ಇನ್ನೂ ನೀವು ಅಂತಲೇ ಇದ್ದಾನೆ. ಜಗಳ ಆಡುವಾಗಲೂ ನೀವು. ಅದಕ್ಕೇ ನೋಡು ಹೊಟ್ಟೆ ಉರೀತಿರೋದು.”